ಕೊಡಲಿ ಮಾಡಿದವನು ಯಾರು: ಒಂಬತ್ತನೇ ಕ್ಲಾಸಿನ ಒಬ್ಬ ಓದುಗನ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಹುಡುಗನ ನಿಜವಾದ ಹೆಸರು ಚಂದು ಅಲ್ಲ. ಊರಿನ ಹೆಸರನ್ನೂ ಹೇಳುವುದಿಲ್ಲ. ಮಂಡ್ಯ ಜಿಲ್ಲೆ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಕಡೆ ಅಂತ ಇಟ್ಟುಕೊಳ್ಳಿ, ಅಂಥ ಊರು ಬೇಕಾದಷ್ಟಿವೆ. ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕುಲುಮೆ ಒಂದನ್ನು ಮಾತ್ರ ಬದಲಿಸಲು ಆಗಲಿಲ್ಲ, ಅದನ್ನು ತೆಗೆದರೆ ಈ ಪ್ರಕರಣದಲ್ಲಿ ಏನೂ ಉಳಿಯುವುದಿಲ್ಲ. ಬರೆಯುವ ಮೊದಲು ಚಂದುವನ್ನೂ ಅವನ ತಾತನನ್ನೂ ಕೇಳಿದೆ. ತಾತ ‘ಬರ್ಕಳಿ, ಅದ್ರಲ್ಲೇನದೆ’ ಅಂದುಬಿಟ್ಟರು. ಚಂದು ಎರಡು ದಿನ ಯೋಚನೆ ಮಾಡಿ ಒಂದು ಷರತ್ತು ಹಾಕಿದ: ‘ನೀವು ಕ್ಲಾಸಲ್ಲಿ ನನ್ನ ಎದ್ದು ನಿಲ್ಸಿದ್ದನ್ನೂ ಬರೀಬೇಕು ಮಿಸ್.’

ಬರೆಯುತ್ತೇನೆ.

ಹಿನ್ನೆಲೆ

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಮಕ್ಕಳು ಓದುವುದು ಕನ್ನಡ ಮಾಧ್ಯಮದಲ್ಲಿ. ನಮ್ಮಲ್ಲಿ ಗ್ರಂಥಾಲಯ ಅಂದರೆ ಸ್ಟಾಫ್ ರೂಮಿನ ಮೂಲೆಯ ಒಂದು ಬೀರು, ಬಾಗಿಲು ಎತ್ತಿ ಎಳೆದರೆ ಮಾತ್ರ ತೆರೆಯುತ್ತದೆ. ಬೆಂಗಳೂರಿನಲ್ಲಿರುವ ಒಬ್ಬ ಹಳೇ ವಿದ್ಯಾರ್ಥಿ ಎರಡು ರಟ್ಟಿನ ಪೆಟ್ಟಿಗೆ ತುಂಬ ಇಂಗ್ಲಿಷ್ ಪುಸ್ತಕ ಕಳಿಸಿದ್ದ. ಅದರಲ್ಲಿತ್ತು ಗ್ಯಾರಿ ಪಾಲ್ಸನ್ ಅವರ ‘ಹ್ಯಾಚೆಟ್’. ಅಮೆರಿಕದ ಕಾದಂಬರಿ, 1988ರಲ್ಲಿ ನ್ಯೂಬೆರಿ ಆನರ್ ಅನ್ನುವ ಮಕ್ಕಳ ಸಾಹಿತ್ಯದ ಗೌರವ ಸಿಕ್ಕಿದ್ದು.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಬ್ರಯಾನ್ ಅಂತ 13 ವರ್ಷದ ಹುಡುಗ. ಅಪ್ಪ ಅಮ್ಮ ಬೇರೆಯಾಗಿದ್ದಾರೆ. ಕೆನಡಾದಲ್ಲಿರುವ ಅಪ್ಪನನ್ನು ನೋಡಲು ಚಿಕ್ಕ ವಿಮಾನದಲ್ಲಿ ಹೊರಟಿದ್ದಾನೆ. ಹಾರುವಾಗಲೇ ಪೈಲಟ್‌ಗೆ ಹೃದಯಾಘಾತ ಆಗುತ್ತದೆ, ವಿಮಾನ ಕಾಡಿನ ನಡುವಿನ ಒಂದು ಕೆರೆಗೆ ಬೀಳುತ್ತದೆ. ಹುಡುಗನ ಕೈಯಲ್ಲಿ ಉಳಿಯುವುದು ಸೊಂಟದ ಬೆಲ್ಟಿಗೆ ಸಿಕ್ಕಿಸಿದ್ದ ಒಂದು ಚಿಕ್ಕ ಕೊಡಲಿ, ಹೊರಡುವಾಗ ಅಮ್ಮ ಕೊಟ್ಟಿದ್ದು. 54 ದಿನ ಅದೇ ಕೊಡಲಿ ಇಟ್ಟುಕೊಂಡು ಬದುಕುತ್ತಾನೆ. ಇದರ ಜೊತೆಗೆ ಇನ್ನೊಂದು ಎಳೆ ಇದೆ. ಅಮ್ಮನ ಬಗ್ಗೆ ಅವನಿಗೆ ಒಂದು ಗುಟ್ಟು ಗೊತ್ತು, ಅಪ್ಪನಿಗೆ ಅದು ಗೊತ್ತಿಲ್ಲ.

ಈ ಪುಸ್ತಕವನ್ನು ನಾನು ಮಕ್ಕಳಿಗೆ ಕೊಡುವುದಕ್ಕೆ ಕಾರಣ ಸುಲಭ. ವಾಕ್ಯಗಳು ಚಿಕ್ಕವು, ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ. ಮೊದಲನೇ ಸಲ ಅರ್ಥವಾಗದ ಪದ ಮೂರನೇ ಸಲ ಬರುವಷ್ಟರಲ್ಲಿ ತಾನೇ ಅರ್ಥವಾಗಿರುತ್ತದೆ.

ಚಂದು ಅದನ್ನು ತಾನೇ ಆರಿಸಿಕೊಂಡ. ಹೊದಿಕೆಯ ಮೇಲಿನ ಕೊಡಲಿ ನೋಡಿ. ಅವನ ತಾತನದು ಕುಲುಮೆ, ಆ ಸುತ್ತಿನ ಊರಿಗೆಲ್ಲ ಕುಡುಗೋಲು, ಮಚ್ಚು, ಗುದ್ದಲಿ ಮಾಡಿಕೊಡುವವರು ಅವರೇ. ಪುಸ್ತಕ ಕೈಗೆ ತೆಗೆದುಕೊಂಡು ಅವನು ಹೇಳಿದ ಮೊದಲ ಮಾತು ಇದು: ‘ಇದ್ರ ಕಾವು ತುಂಬಾ ಗಿಡ್ಡ ಆಯ್ತು ಮಿಸ್. ಬೀಸಿದ್ರೆ ಏಟು ಕೂರಲ್ಲ.’

ಕಾವು ಅಂದರೆ ಕೊಡಲಿಯ ಹಿಡಿ. ನಾನು ‘ಸರಿ ಸರಿ, ಮೊದಲು ಓದು’ ಅಂದೆ. ಆಮೇಲೆ ನಾನು ಆರು ವಾರ ಯಾವುದಕ್ಕಾಗಿ ಪರದಾಡಿದೆನೋ ಅದನ್ನು ಅವನು ಬೀರಿನ ಮುಂದೆ ನಿಂತೇ ಕೊಟ್ಟಿದ್ದ. ನನಗೆ ಕೇಳಿಸಲಿಲ್ಲ.

ಸಮಸ್ಯೆ

ಎಫ್‌ಎ-3ರ, ಅಂದರೆ ವರ್ಷದ ಮೂರನೇ ರೂಪಣಾತ್ಮಕ ಮೌಲ್ಯಮಾಪನದ, ಚಟುವಟಿಕೆಯಾಗಿ ‘ಓದಿದ ಪುಸ್ತಕಕ್ಕೆ ನಿಮ್ಮ ಸ್ವಂತ ಪ್ರತಿಕ್ರಿಯೆ ಬರೆಯಿರಿ’ ಅಂತ ಕೊಟ್ಟೆ. ಹತ್ತು ಅಂಕ. ಮಕ್ಕಳಿಗೆ ಕಷ್ಟವಾಗದಿರಲಿ ಅಂತ ಬೋರ್ಡಿನ ಮೇಲೆ ತಲೆಬರಹಗಳನ್ನೂ ಬರೆದುಕೊಟ್ಟೆ. ಪುಸ್ತಕದ ಹೆಸರು, ಲೇಖಕ, ಮುಖ್ಯ ಪಾತ್ರ, ಸಂದೇಶ, ಇದರಿಂದ ನಾನು ಕಲಿತದ್ದು. ಸ್ವಂತದ್ದು ಬರೆಯಿರಿ ಅಂತ ಹೇಳಿ ಅದಕ್ಕೆ ಚೌಕಟ್ಟು ನಾನೇ ಹಾಕಿಕೊಟ್ಟೆ, ನೋಡಿ.

ಚಂದು ಒಂದು ಪುಟ ತಂದುಕೊಟ್ಟ. ಒಳ್ಳೇ ಇಂಗ್ಲಿಷ್. ಒಂದೂ ಕಾಗುಣಿತದ ತಪ್ಪಿಲ್ಲ. ಈ ಕಾದಂಬರಿ ನಮಗೆ ಧೈರ್ಯ, ತಾಳ್ಮೆ ಮತ್ತು ಆತ್ಮವಿಶ್ವಾಸದ ಪಾಠ ಕಲಿಸುತ್ತದೆ ಎಂಬ ಧಾಟಿ. ನಾನು ಖುಷಿಯಿಂದ ಹತ್ತಕ್ಕೆ ಒಂಬತ್ತು ಕೊಟ್ಟೆ. ಅದೇ ಸಂಜೆ ಬೇರೆ ಹುಡುಗನ ಹಾಳೆ ತಿದ್ದುತ್ತಿದ್ದೆ, ಅವನು ಓದಿದ್ದು ಬೇರೆಯೇ ಪುಸ್ತಕ, ಆದರೆ ಸಂದೇಶದ ವಾಕ್ಯ ಅಕ್ಷರಕ್ಕೆ ಅಕ್ಷರ ಅದೇ. ಇನ್ನೂ ಇಬ್ಬರದ್ದು ಹಾಗೇ. ಫೋನಿನಿಂದ ಇಳಿಸಿದ್ದು ಅಂತ ಆಗ ಗೊತ್ತಾಯಿತು.

ಮಾರನೇ ದಿನ ಕ್ಲಾಸಿನಲ್ಲಿ ನಾಲ್ವರನ್ನೂ ಎದ್ದು ನಿಲ್ಲಿಸಿದೆ. ಚಂದುವಿನ ಮೇಲೆ ಕೋಪ ಜಾಸ್ತಿ ಇತ್ತು, ಯಾಕೆಂದರೆ ಅವನಿಗೆ ಒಂಬತ್ತು ಕೊಟ್ಟು ಬೇಸ್ತು ಬಿದ್ದಿದ್ದು ನಾನು. ‘ಪುಸ್ತಕ ತೆರೆದಾದ್ರೂ ನೋಡಿದ್ದೀಯೇನೋ?’ ಅಂತ ಕೇಳಿದೆ. ಅವನು ತಲೆ ತಗ್ಗಿಸಿ ನಿಂತ. ಉಳಿದವರು ನಕ್ಕರು. ಒಂಬತ್ತನ್ನು ಹೊಡೆದು ಹಾಕಿದೆ. ಅವತ್ತಿನಿಂದ ಅವನು ಬೀರಿನ ಕಡೆ ಬರುವುದನ್ನೇ ಬಿಟ್ಟ.

ಮಾಡಿ ನೋಡಿದ್ದು

ಮೊದಲು, ನಿನ್ನ ಮಾತಿನಲ್ಲೇ ಮತ್ತೆ ಬರೆ ಅಂದೆ. ಪುಸ್ತಕದ ಹೆಸರು, ಲೇಖಕರ ಹೆಸರು ಬರೆದು ಖಾಲಿ ಹಾಳೆ ಕೊಟ್ಟ. ಆಮೇಲೆ ಬರೆಯುವುದು ಬೇಡ, ಬಾಯಲ್ಲಿ ಹೇಳು, ಕನ್ನಡದಲ್ಲೇ ಹೇಳು ಅಂದೆ. ‘ಚೆನ್ನಾಗಿದೆ ಮಿಸ್’ ಅಂದ. ಏನು ಚೆನ್ನಾಗಿದೆ? ‘ಎಲ್ಲಾ ಚೆನ್ನಾಗಿದೆ ಮಿಸ್.’ ಇವನು ಓದಿಲ್ಲ ಅಂತ ತೀರ್ಮಾನ ಮಾಡಿಬಿಟ್ಟೆ. ಕಾಪಿ ಹೊಡೆದವನು ಓದಿರುವುದಿಲ್ಲ ಅನ್ನುವುದು ನಾವು ಮೇಷ್ಟ್ರುಗಳು ಯಾರೂ ಪರೀಕ್ಷೆ ಮಾಡದೇ ನಂಬಿರುವ ಮಾತು.

ಇದಾಗಿ ಸುಮಾರು ಹತ್ತು ದಿನಕ್ಕೆ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಪಿಟಿ ಮೇಷ್ಟ್ರು ಅವನ ಕಾಲರ್ ಹಿಡಿದುಕೊಂಡು ಎಚ್ಚೆಮ್ ರೂಮಿಗೆ ಬಂದರು. ಶಾಲೆಯ ಹಿಂದಿನ ಗೋಡೆ ಪಕ್ಕ ಕೂತು ಬೆಂಕಿ ಹಚ್ಚುತ್ತಿದ್ದನಂತೆ. ಬೀಡಿ ಸೇದುತ್ತಿರಬೇಕು ಅಂತ ಅವರ ಅನುಮಾನ. ಜೇಬು ತಡಕಿದರೆ ಬೀಡಿಯೂ ಇಲ್ಲ, ಬೆಂಕಿಪೊಟ್ಟಣವೂ ಇಲ್ಲ. ಸಿಕ್ಕಿದ್ದು ಮುರಿದ ಅರದ ತುಂಡು, ಒಂದು ಬಿಳೀ ಬೆಣಚುಕಲ್ಲು, ಒಂದು ಹಿಡಿ ತೆಂಗಿನ ನಾರು.

ಎಚ್ಚೆಮ್ ಗಾಬರಿಯಾಗಿದ್ದು ಸುಮ್ನೆ ಅಲ್ಲ. ಆ ಗೋಡೆಯ ಆಚೆಗೇ ಕಡಿಯಲು ಬಂದ ಕಬ್ಬು, ಕೆಳಗೆಲ್ಲ ಒಣ ತರಗು. ನಮ್ಮ ಕಡೆ ಕಬ್ಬಿಗೆ ಬೆಂಕಿ ಬಿತ್ತು ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸುಟ್ಟ ಕಬ್ಬು ದಿನ ಕಳೆದಂತೆ ತೂಕ ಕಳೆದುಕೊಳ್ಳುತ್ತದೆ, ರಸ ಕೆಡುತ್ತದೆ, ಬೇಗ ಅರೆಯಬೇಕು, ಬೆಲೆಯಲ್ಲೂ ಹಿಡಿದುಕೊಳ್ಳುತ್ತಾರೆ. ವರ್ಷದ ದುಡಿಮೆ. ‘ಮನೆಯವರನ್ನ ಕರೆಸಿ, ಮುಚ್ಚಳಿಕೆ ಬರೆಸಿಕೊಳ್ಳೋಣ’ ಅಂದರು ಎಚ್ಚೆಮ್.

ಹುಡುಗನನ್ನು ವರಾಂಡಕ್ಕೆ ಕರೆದುಕೊಂಡು ಹೋಗಿ ಏನೋ ಇದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ:

‘ಕಿಡಿ ಬರ್ತದೆ ಮಿಸ್. ಹತ್ತಲ್ಲ. ಅವನಿಗೆ ಹೆಂಗೆ ಹತ್ತಿತು?’

ಯಾರಿಗೆ ಅಂತ ನಾನು ಕೇಳಬೇಕಾಗಿರಲಿಲ್ಲ. ಕಾದಂಬರಿಯಲ್ಲಿ ಕತ್ತಲಲ್ಲಿ ಮುಳ್ಳುಹಂದಿಯೊಂದು ಬ್ರಯಾನ್ ಮಲಗಿದ ಜಾಗಕ್ಕೆ ನುಗ್ಗುತ್ತದೆ. ಅವನು ಕೊಡಲಿ ಬೀಸಿ ಎಸೆಯುತ್ತಾನೆ, ಅದು ಕಲ್ಲಿನ ಗೋಡೆಗೆ ಬಡಿದು ಕಿಡಿ ಹಾರುತ್ತದೆ. ಮಾರನೇ ದಿನ ಆ ಕಿಡಿಯಿಂದ ಬೆಂಕಿ ಮಾಡಲು ಕೂರುತ್ತಾನೆ. ಒಣ ಹುಲ್ಲು ಹಿಡಿಯುವುದಿಲ್ಲ. ಕಡ್ಡಿ ಹಿಡಿಯುವುದಿಲ್ಲ. ಜೇಬಿನಲ್ಲಿದ್ದ ಇಪ್ಪತ್ತು ಡಾಲರ್ ನೋಟು ಹರಿದು ಹಾಕುತ್ತಾನೆ, ಅದೂ ಹಿಡಿಯುವುದಿಲ್ಲ. ಕೊನೆಗೆ ಬರ್ಚ್ ಮರದ ತೊಗಟೆಯನ್ನು ಕೂದಲಿನಷ್ಟು ತೆಳ್ಳಗೆ ಬಿಡಿಸಿ ಗೂಡು ಮಾಡಿ ಊದಿದಾಗ ಹಿಡಿಯುತ್ತದೆ. ಭೂರ್ಜಪತ್ರ ಅನ್ನುತ್ತೇವಲ್ಲ, ಹಿಂದೆ ಬರೆಯಲು ಬಳಸುತ್ತಿದ್ದ ತೊಗಟೆ, ಅದೇ ಜಾತಿಯ ಮರ. ಹಿಮಾಲಯದಲ್ಲಿದೆ. ಮಂಡ್ಯದಲ್ಲಿ ಎಲ್ಲಿಂದ ತರುವುದು? ಇವನು ತೆಂಗಿನ ನಾರು ತಂದಿದ್ದ.

ಅವನ ಬ್ಯಾಗಿನಲ್ಲೇ ಪುಸ್ತಕ ಇತ್ತು. ತೆಗೆದು ನೋಡಿದೆ. ಮೊದಲ ಪುಟದಿಂದ ಕೊನೆಯ ಪುಟದವರೆಗೂ ಪೆನ್ಸಿಲ್ ಗುರುತು. ಪದಗಳ ಮೇಲೆ ಚಿಕ್ಕ ಅಕ್ಷರದಲ್ಲಿ ಕನ್ನಡದ ಅರ್ಥ. ಕೆಲವು ಕಡೆ ಒಂದೇ ಪುಟಕ್ಕೆ ಇಪ್ಪತ್ತು ಮೂವತ್ತು. ಓದಿಲ್ಲ ಅಂತ ನಾನು ಇಡೀ ಕ್ಲಾಸಿನ ಮುಂದೆ ಹೇಳಿದ ಹುಡುಗ ಇವನು.

ಇಲ್ಲಿ ನನಗೆ ಎರಡು ದಾರಿ ಇತ್ತು. ಮುಚ್ಚಳಿಕೆ ಬರೆಸಿ ಕೈ ತೊಳೆದುಕೊಳ್ಳಬಹುದಿತ್ತು, ಅದು ತಪ್ಪೂ ಆಗುತ್ತಿರಲಿಲ್ಲ, ಬೆಂಕಿ ಬೆಂಕಿಯೇ. ಆದರೆ ಹಾಗೆ ಮಾಡಿದರೆ ಪುಸ್ತಕ ಓದಿದ್ದಕ್ಕೆ ಎರಡನೇ ಸಲ ಶಿಕ್ಷೆ ಆದಂತೆ. ಎಚ್ಚೆಮ್ ಹತ್ತಿರ ಒಂದು ಶನಿವಾರದ ಟೈಮು ಕೇಳಿದೆ. ಶಾಲೆಯ ಸುತ್ತಮುತ್ತ, ಗದ್ದೆಯ ಹತ್ತಿರ ಇನ್ನು ಮೇಲೆ ಕಿಡಿ ಮಾತೇ ಇಲ್ಲ, ಮಾಡುವುದಿದ್ದರೆ ತಾತನ ಎದುರಿಗೆ, ಕುಲುಮೆಯಲ್ಲೇ ಅಂತ ಚಂದುವಿನ ಹತ್ತಿರ ಒಪ್ಪಿಸಿದೆ. ಅರ ಮತ್ತು ಕಲ್ಲನ್ನು ಪಿಟಿ ಮೇಷ್ಟ್ರು ಮೇಜಿನ ಡ್ರಾಯರ್‌ನಲ್ಲಿ ಇಟ್ಟುಕೊಂಡರು. ಶನಿವಾರ ಅವರೂ ಬರುತ್ತೇನೆ ಅಂದಾಗ ನನಗೇ ಆಶ್ಚರ್ಯವಾಯಿತು.

ಕುಲುಮೆಯಲ್ಲಿ

ಕಬ್ಬು ಕಡಿಯುವ ಕಾಲ, ತಾತನಿಗೆ ಪುರುಸೊತ್ತೇ ಇರಲಿಲ್ಲ. ತಿದಿ ಹೋಗಿ ಕೈಯಲ್ಲಿ ತಿರುಗಿಸುವ ಫ್ಯಾನು ಬಂದಿದೆ. ಚಂದು ಬಂದವನೇ ಯಾರೂ ಹೇಳದೆ ಹಿಡಿಕೆ ತಿರುಗಿಸಲು ಕೂತ. ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡೊಂದು ಕೆಂಡದಲ್ಲಿತ್ತು. ಅದನ್ನೇ ಬಡಿದು ಮಚ್ಚು ಮಾಡುತ್ತಾರೆ.

ವಿಷಯ ಹೇಳಿದಾಗ ತಾತ ನಗಲಿಲ್ಲ, ಬೈಯಲೂ ಇಲ್ಲ. ‘ಅರ ಎತ್ಕಂಡೋಗಿದ್ದು ನೀನೇ ಏನ್ಲಾ’ ಅಂದರು ಅಷ್ಟೇ. ಆಮೇಲೆ ಮೂರು ಕಬ್ಬಿಣ ತೆಗೆದು ಸಾಲಾಗಿ ಇಟ್ಟರು: ಒಂದು ಮೊಳೆ, ಒಂದು ಹಳೇ ಬಾಗಿಲ ಪಟ್ಟಿ, ಒಂದು ಅರ. ಚಂದುವಿನ ಕೈಯಲ್ಲಿ ಬೆಣಚುಕಲ್ಲು ಕೊಟ್ಟು ಹೊಡಿ ಅಂದರು. ಮೊಳೆಯಲ್ಲಿ ಏನೂ ಬರಲಿಲ್ಲ. ಪಟ್ಟಿಯಲ್ಲಿ ಒಂದೋ ಎರಡೋ, ಅದೂ ಮಂಕು. ಅರದಲ್ಲಿ ಜಗ್ಗನೆ ಹಾರಿದವು.

ಕಿಡಿ ಬರುವುದು ಕಲ್ಲಿನಿಂದಲ್ಲ, ಕಬ್ಬಿಣದಿಂದ. ಕಲ್ಲು ಕಬ್ಬಿಣಕ್ಕಿಂತ ಗಟ್ಟಿ ಇದ್ದರೆ ಅದು ಕಬ್ಬಿಣದ ಸಣ್ಣ ಚೂರನ್ನು ಕೆತ್ತಿ ತೆಗೆಯುತ್ತದೆ, ಆ ಚೂರು ಗಾಳಿಗೆ ಉರಿಯುತ್ತದೆ. ಮೆತ್ತಗಿನ ಕಬ್ಬಿಣ ನುಣ್ಣಗೆ ಜಾರುತ್ತದೆ, ಕೆತ್ತಿ ಬರುವುದಿಲ್ಲ. ಹದ ಹಾಕಿದ ಉಕ್ಕೇ ಬೇಕು. ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಗಟ್ಟಿ ಮಾಡುವುದಕ್ಕೆ ಅವರು ಹದ ಅನ್ನುತ್ತಾರೆ. ತಾತ ಇಷ್ಟು ಉದ್ದ ಹೇಳಲಿಲ್ಲ. ‘ಹದ ಇಲ್ದೆ ಕಿಡಿ ಇಲ್ಲ’ ಅಂದರು. ಉಳಿದದ್ದನ್ನು ನಾನು ಸೇರಿಸಿದ್ದೇನೆ.

‘ಅದ್ಸರಿ ತಾತ, ನಾರು ಯಾಕೆ ಹತ್ತಲ್ಲ?’

ತಾತ ಒಳಗಿಂದ ಹಳೇ ಹತ್ತಿ ಪಂಚೆಯ ತುಂಡು ತಂದರು. ಮುಚ್ಚಳದಲ್ಲಿ ಮೊಳೆಯಿಂದ ತೂತು ಮಾಡಿದ ಒಂದು ಚಿಕ್ಕ ಡಬ್ಬಿಯಲ್ಲಿ ಅದನ್ನು ಹಾಕಿ ಕೆಂಡದ ಮೇಲೆ ಇಟ್ಟರು. ತೂತಿನಿಂದ ಹೊಗೆ ಬಂತು. ಹೊಗೆ ನಿಂತ ಮೇಲೆ ಇಳಿಸಿ, ಡಬ್ಬಿ ಆರುವವರೆಗೂ ಮುಟ್ಟಲು ಬಿಡಲಿಲ್ಲ. ತೆಗೆದಾಗ ಬಟ್ಟೆ ಬಟ್ಟೆಯಾಗೇ ಇತ್ತು, ಆದರೆ ಪೂರ್ತಿ ಕರ್ರಗೆ, ಮುಟ್ಟಿದರೆ ಪುಡಿಯಾಗುವ ಹಾಗೆ. ಚಂದು ಅದನ್ನು ಕಲ್ಲಿನ ಅಂಚಿಗೆ ಒತ್ತಿ ಹಿಡಿದು ಅರದಿಂದ ಹೊಡೆದ. ಏಳನೇ ಏಟಿಗೋ ಎಂಟನೇ ಏಟಿಗೋ ಒಂದು ಕಿಡಿ ಅದರ ಮೇಲೆ ಕೂತಿತು. ಸಾಸಿವೆ ಕಾಳಿನಷ್ಟು ಕೆಂಪು. ಆರಲಿಲ್ಲ. ಮೆಲ್ಲಗೆ ಅಂಚಿನ ಕಡೆ ಹರಡುತ್ತಾ ಹೋಯಿತು. ಅದನ್ನು ನಾರಿನ ಗೂಡಿನಲ್ಲಿಟ್ಟು ಊದಿದ. ಹೊಗೆ, ಇನ್ನೂ ಹೊಗೆ, ಆಮೇಲೆ ಒಮ್ಮೆಗೇ ಉರಿ. ಪಿಟಿ ಮೇಷ್ಟ್ರು ‘ಅಬ್ಬಾ’ ಅಂದರು.

ತಾತ ಮಚ್ಚಿನ ಬಾಯಿ ತಟ್ಟುತ್ತಲೇ ಕಥೆ ಕೇಳಿದರು. ಚಂದು ಹೇಳಿದ, ವಿಮಾನ ಬಿದ್ದಿದ್ದರಿಂದ ಹಿಡಿದು. ನನಗೆ ‘ಎಲ್ಲಾ ಚೆನ್ನಾಗಿದೆ’ ಅಂದಿದ್ದ ಹುಡುಗ ತಾತನಿಗೆ ಮುಕ್ಕಾಲು ಗಂಟೆ ಹೇಳಿದ, ನಾನು ಮರೆತೇ ಹೋಗಿದ್ದ ಸಂಗತಿಗಳನ್ನೆಲ್ಲ ಸೇರಿಸಿ. ಕೊಡಲಿ ಕೈ ಜಾರಿ ಕೆರೆಗೆ ಬಿದ್ದಿದ್ದು, ಹುಡುಗ ಮುಳುಗಿ ತೆಗೆದಿದ್ದು ಬಂದಾಗ ತಾತ ಸುತ್ತಿಗೆ ನಿಲ್ಲಿಸಿ ‘ಸಿಕ್ತಾ?’ ಅಂದರು. ಸಿಕ್ಕಿತು ಅಂದ ಮೇಲೆಯೇ ಮತ್ತೆ ಬಡಿಯಲು ಶುರು. ಕಥೆ ಮುಗಿದಾಗ ಅವರು ಹೇಳಿದ್ದು ಒಂದೇ ಮಾತು:

‘ಆ ಕೊಡ್ಲಿಗೆ ಹದ ಹಾಕ್ದೋನು ಗಟ್ಟಿ ಆಳು ಕಣ್ಲಾ.’

ಐದೂವರೆಗೆ ಅಜ್ಜಿ ಬಂದು ಹೊರಡಿ ಹೊರಡಿ ಅಂತ ಅವಸರ ಮಾಡಿದರು. ‘ಕತ್ಲಾದ್ರೆ ಕಿರುಬ ಓಡಾಡ್ತದೆ ಮೇಡಮ್ಮೋರೆ.’ ಕಿರುಬ ಅಂದರೆ ಇಲ್ಲಿಯವರ ಮಾತಿನಲ್ಲಿ ಚಿರತೆ. ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿ ಹಾಕುವುದು ಈ ಕಡೆ ಮಾಮೂಲಿ ಆಗಿಬಿಟ್ಟಿದೆ. ಆರು ಗಂಟೆ ಮೇಲೆ ಮಕ್ಕಳನ್ನು ಹೊರಗೆ ಬಿಡುವುದಿಲ್ಲ. ಕೆನಡಾದ ಕಾಡಿನ ಕಥೆ ಈ ಮಕ್ಕಳಿಗೆ ದೂರವಾಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಸ್ಕೂಟರ್ ಓಡಿಸಿಕೊಂಡು ಎರಡೂ ಕಡೆಯ ಕಬ್ಬಿನ ಮಧ್ಯೆ ಬರುವಾಗ ನನಗೇ ಭಯವಾಯಿತು.

ಆಮೇಲೆ ಆಗಿದ್ದು

ಸೋಮವಾರ ಪ್ರತಿಕ್ರಿಯೆ ಅನ್ನುವ ಪದವನ್ನೇ ಎತ್ತಲಿಲ್ಲ. ‘ಮೊನ್ನೆ ತಾತ ಹೇಳಿದ್ದನ್ನ ಆ ಬ್ರಯಾನ್‌ಗೆ ಹೇಳೋದಾದ್ರೆ ಏನು ಹೇಳ್ತೀಯ? ಕನ್ನಡದಲ್ಲಿ ಬರಿ, ಎಷ್ಟು ಬೇಕೋ ಅಷ್ಟು’ ಅಂದೆ. ಬುಧವಾರ ಒಂದೂವರೆ ಪುಟ ಕೊಟ್ಟ. ಅವನ ಒಪ್ಪಿಗೆಯಿಂದ ಕೆಲವು ಸಾಲು:

“ಬ್ರಯಾನ್ 54 ದಿನ ಒಬ್ಬನೇ ಇದ್ದ ಅಂತ ಇದೆ. ನನಗೆ ಹಾಗೆ ಅನ್ನಿಸಲಿಲ್ಲ. ಕೊಡಲಿ ಮಾಡಿದವನು ಜೊತೆಗಿದ್ದ. ಅವನು ಹದ ಸರಿಯಾಗಿ ಹಾಕಿಲ್ಲ ಅಂದಿದ್ದರೆ ಕಿಡಿ ಬರುತ್ತಿರಲಿಲ್ಲ. ಅವನ ಹೆಸರು ಪುಸ್ತಕದಲ್ಲಿ ಇಲ್ಲ. ನಮ್ಮ ತಾತ ಮಾಡಿದ ಮಚ್ಚಿನ ಮೇಲೂ ಹೆಸರು ಇರಲ್ಲ.”

ನಡುವೆ ಒಂದು ಸಾಲು ಬರೆದು ಹೊಡೆದು ಹಾಕಿದ್ದ: ನಾನಾಗಿದ್ದರೆ ಮೊದಲನೇ ರಾತ್ರಿ ಮರ ಹತ್ತಿ ಮಲಗುತ್ತಿದ್ದೆ ಅಂತ. ಪಕ್ಕದಲ್ಲಿ ಚಿಕ್ಕದಾಗಿ “ಕಿರುಬ ಮರ ಹತ್ತುತ್ತೆ” ಅಂತ ಬರೆದಿದ್ದ.

ಕೊನೆಯ ಸಾಲುಗಳು ಇವು:

“ಕೊಡಲಿ ಕೊಟ್ಟಿದ್ದು ಅಮ್ಮ. ಅವನಿಗೆ ಅಮ್ಮನ ಮೇಲೆ ಕೋಪ ಇತ್ತು. ಆದರೂ ಕೊಡಲಿ ಕೆರೆಗೆ ಬಿದ್ದಾಗ ಮುಳುಗಿ ತೆಗೆದ. ಗುಟ್ಟನ್ನು ಕೊನೆಗೂ ಅಪ್ಪನಿಗೆ ಹೇಳಲಿಲ್ಲ. ಹೇಳದೆ ಇದ್ದಿದ್ದು ಸರಿ.”

ಚಂದು ಇರುವುದು ತಾತ, ಅಜ್ಜಿಯ ಜೊತೆ. ಅಮ್ಮ ಬೇರೆ ಊರಿನಲ್ಲಿದ್ದಾರೆ. ಅಷ್ಟು ಮಾತ್ರ ನನಗೆ ಗೊತ್ತಿತ್ತು, ಈಗಲೂ ಅಷ್ಟೇ ಗೊತ್ತಿರುವುದು. ಹಾಳೆ ಓದಿದ ಸಹೋದ್ಯೋಗಿಯೊಬ್ಬರು ಅವನನ್ನು ಕೂರಿಸಿ ಮಾತಾಡಿಸಿ, ಏನೋ ಇದೆ ಅಂದರು. ಈ ಪ್ರಕರಣದಲ್ಲಿ ನನಗೆ ಅತಿ ಕಷ್ಟವಾದ ತೀರ್ಮಾನ ಇದು. ಹೊಡೆತ, ಭಯ, ಊಟ ಬಿಡುವುದು, ಅಂಥ ಯಾವ ಸುಳಿವು ಕಂಡಿದ್ದರೂ ನಾನು ಸುಮ್ಮನಿರುತ್ತಿರಲಿಲ್ಲ, ಎಚ್ಚೆಮ್‌ಗೆ ಹೇಳುತ್ತಿದ್ದೆ, ಬೇಕಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತಿದ್ದೆ. ಅಂಥದ್ದು ಏನೂ ಕಾಣಲಿಲ್ಲ. ಹೇಳದೆ ಇರುವುದು ಸರಿ ಅಂತ ಬರೆದವನನ್ನು ಹಿಡಿದು ಹೇಳು ಅನ್ನುವುದು ಯಾವ ನ್ಯಾಯ? ‘ಊಟದ ಹೊತ್ತಲ್ಲಿ ನಾನು ಬೀರಿನ ಹತ್ತಿರಾನೇ ಇರ್ತೀನಿ, ಏನಾದ್ರೂ ಮಾತಾಡ್ಬೇಕು ಅನ್ನಿಸಿದ್ರೆ ಬಾ’ ಅಂತಷ್ಟೇ ಅಂದೆ. ಹ್ಞೂ ಮಿಸ್ ಅಂದ. ಬೀರಿನ ಹತ್ತಿರ ಬರುತ್ತಾನೆ, ಪುಸ್ತಕ ಕೇಳುತ್ತಾನೆ, ಹೋಗುತ್ತಾನೆ.

ಇನ್ನು ಅಂಕ. ಇದು ಇಂಗ್ಲಿಷ್ ವಿಷಯದ ಚಟುವಟಿಕೆ, ಅವನು ಬರೆದಿದ್ದು ಕನ್ನಡದಲ್ಲಿ. ಅದರಿಂದಲೇ ಆರಿಸಿ ಆರು ವಾಕ್ಯ ಇಂಗ್ಲಿಷಿನಲ್ಲಿ ಬರಿ ಅಂದೆ. ಬರೆದ. ಎರಡರಲ್ಲಿ ಕ್ರಿಯಾಪದ ತಪ್ಪು, ಒಂದರಲ್ಲಿ ಕ್ರಿಯಾಪದವೇ ಇಲ್ಲ. ಏಳು ಕೊಟ್ಟೆ. ಹಾಳೆ ನೋಡಿ ಕೇಳಿದ: ‘ಕಾಪಿ ಹೊಡೆದಿದ್ದಕ್ಕೆ ಒಂಬತ್ತು, ನಾನೇ ಬರೆದಿದ್ದಕ್ಕೆ ಏಳಾ ಮಿಸ್?’ ಉತ್ತರ ಇರಲಿಲ್ಲ. ಒಂಬತ್ತು ಮಾಡಿದೆ. ವ್ಯಾಕರಣ ಲೆಕ್ಕ ಹಿಡಿದರೆ ಏಳೇ ಸರಿ, ಈ ವಿಷಯದಲ್ಲಿ ನನ್ನ ಜೊತೆ ಜಗಳ ಆಡುವವರು ಆಡಬಹುದು.

ಕ್ಲಾಸಿನ ಮುಂದೆ ‘ಚಂದು ಪುಸ್ತಕ ಪೂರ್ತಿ ಓದಿದ್ದ, ನಾನು ಹೇಳಿದ್ದು ತಪ್ಪು’ ಅಂದೆ. ಅರ್ಧ ನಿಮಿಷದ ಕೆಲಸ, ಮಾಡಲು ಮೂರು ವಾರ ತೆಗೆದುಕೊಂಡೆ.

ಈಗ ನಾನು ಬದಲಿಸಿಕೊಂಡಿದ್ದು

‘ಇದರಿಂದ ನಾನು ಕಲಿತದ್ದು’ ಎಂಬ ತಲೆಬರಹ ತೆಗೆದು ಹಾಕಿದ್ದೇನೆ. ಅದನ್ನು ಕೇಳಿದರೆ ಮಕ್ಕಳು ನೀತಿಯನ್ನೇ ಬರೆಯುತ್ತಾರೆ, ನೀತಿ ಎಲ್ಲ ಪುಸ್ತಕಕ್ಕೂ ಒಂದೇ ಥರ ಇರುವುದರಿಂದ ಫೋನಿನಲ್ಲೂ ಸಿಗುತ್ತದೆ. ಅದರ ಬದಲು ‘ಇದರಲ್ಲಿ ನಿನಗೆ ಒಪ್ಪಿಗೆಯಾಗದ ಒಂದು ಚಿಕ್ಕ ವಿಷಯ ಹೇಳು’ ಅಂತ ಕೇಳುತ್ತೇನೆ. ಕೊಡಲಿಯ ಕಾವು ಗಿಡ್ಡ ಅನ್ನುವಷ್ಟು ಚಿಕ್ಕದಾದರೂ ಸಾಕು. ಮಗು ಪುಸ್ತಕ ಮುಟ್ಟಿದಾಗ ಆಡುವ ಮೊದಲ ಮಾತನ್ನು ಒಂದು ನೋಟ್ ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಪುಸ್ತಕದಲ್ಲಿ ಬೆಂಕಿ, ಬೇಟೆ, ಈಜು ಇದ್ದರೆ, ಕೊಡುವ ಮೊದಲೇ ‘ಇದನ್ನು ಮಾಡಿ ನೋಡಬೇಕು ಅನ್ನಿಸಿದ್ರೆ ನನಗೆ ಹೇಳು’ ಅಂದಿರುತ್ತೇನೆ. ಯಾಕೆಂದರೆ ಅನ್ನಿಸಿಯೇ ಅನ್ನಿಸುತ್ತದೆ.

ಇದು ಎಲ್ಲರಿಗೂ ಆಗುತ್ತದೆ ಅಂತ ತಿಳಿಯಬೇಡಿ. ಮುಂದಿನ ಟರ್ಮಿನಲ್ಲಿ ಇನ್ನೊಬ್ಬ ಹುಡುಗನಿಗೆ ಇದೇ ಪ್ರಶ್ನೆ ಕೇಳಿದೆ, ‘ಎಲ್ಲಾ ಒಪ್ಪಿಗೆ ಮಿಸ್’ ಅಂದ. ಅವನ ಮನೆಗೂ ಹೋಗಿ ಬಂದೆ. ಕಾಫಿ ಕೊಟ್ಟರು. ಅಷ್ಟೇ. ಚಂದುವಿಗೆ ಒಂದು ಕುಲುಮೆ ಇತ್ತು, ಕೇಳಲು ಒಬ್ಬ ತಾತ ಇದ್ದರು, ಪುಸ್ತಕದಲ್ಲಿ ಕೊಡಲಿ ಇತ್ತು. ಮೂರೂ ಕೂಡಿ ಬಂದಿದ್ದರಲ್ಲಿ ನನ್ನ ಪಾಲು ಏನೂ ಇಲ್ಲ.

ಆ ಪುಸ್ತಕ ಈಗ ಎಂಟನೇ ಕ್ಲಾಸಿನ ಒಬ್ಬಳ ಹತ್ತಿರ ಇದೆ. ಪೆನ್ಸಿಲ್ ಗುರುತು ಅಳಿಸಿ ಕೊಡಲಾ ಅಂತ ಚಂದು ಕೇಳಿದ್ದ, ಬೇಡ ಅಂದಿದ್ದೆ. ಮೊನ್ನೆ ಅವಳ ಬೆಂಚಿನ ಮೇಲೆ ತೆರೆದಿತ್ತು, ಬ್ರಯಾನ್ ಆಮೆ ಮೊಟ್ಟೆಯನ್ನು ಹಸಿಯಾಗೇ ಕುಡಿಯುವ ಪುಟ. ಅಂಚಿನಲ್ಲಿ ಚಂದುವಿನ ಅಕ್ಷರದಲ್ಲಿ “ಥೂ” ಅಂತ ಇತ್ತು. ಅದರ ಕೆಳಗೆ ಹೊಸ ಅಕ್ಷರ, ಒತ್ತಿ ಬರೆದದ್ದು: “ಹಸಿವಾದ್ರೆ ನೀನೂ ಕುಡೀತಿದ್ದೆ.”